ಬಾತ್ ನಗರಕ್ಕೆ ಒಂದು ದಿನ: ಅತ್ತೆ ಮಾವನ ಜೊತೆ ಏನು ನೋಡಬೇಕು, ಏನು ಬಿಡಬಹುದು?

ಸ್ವಿಂಡನ್_ಸೊಸೆ

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಅತ್ತೆ, ಮಾವ ಬಂದಿದ್ದಾರೆ. ಲಂಡನ್ ಆಯಿತು, ಸ್ಟೋನ್‌ಹೆಂಜ್ ಆಯಿತು. ಈಗ ಬಾತ್ ತೋರಿಸಬೇಕು ಅಂತ ಆಸೆ. ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ, ಆದರೂ ನಾವೇ ಇನ್ನೂ ಸರಿಯಾಗಿ ನೋಡಿಲ್ಲ.

ಮಾವ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ರಿಟೈರ್ ಆದವರು. ಎಲ್ಲಿ ಹೋದರೂ ಫಲಕ ಓದದೆ ಮುಂದೆ ಹೆಜ್ಜೆ ಇಡುವುದಿಲ್ಲ. ಅತ್ತೆಗೆ ಮಂಡಿ ನೋವು. ಸಮತಟ್ಟಾದ ದಾರಿಯಲ್ಲಿ ಎಷ್ಟು ಬೇಕಾದರೂ ನಡೆಯುತ್ತಾರೆ, ಏರು ಮಾತ್ರ ಆಗುವುದಿಲ್ಲ. ಮಗನಿಗೆ ಹತ್ತು ವರ್ಷ. ನಾವೆಲ್ಲ ಸಸ್ಯಾಹಾರಿಗಳು. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ರೋಮನ್ನರ ಕಾಲದ ಸ್ನಾನಗೃಹ ಇದೆಯಲ್ಲ, ರೋಮನ್ ಬಾತ್ಸ್, ಅದರ ಟಿಕೆಟ್ ಎಲ್ಲರಿಗೂ ಸೇರಿಸಿದರೆ ದೊಡ್ಡ ಮೊತ್ತವೇ ಆಗುತ್ತದೆ. ಅಷ್ಟು ಕೊಟ್ಟು ಹೋಗಬಹುದಾ? ಅಲ್ಲಿ ಸ್ನಾನ ಮಾಡಲು ಬಿಡುತ್ತಾರಾ? ಒಂದೇ ದಿನದಲ್ಲಿ ಏನು ನೋಡಬೇಕು, ಏನು ಬಿಡಬಹುದು ಅಂತ ತಿಳಿದವರು ಹೇಳಿ.

ಏವನ್_ದಡ

ಬ್ರಿಸ್ಟಲ್‌ನಲ್ಲಿ ಇರುವವನು. ಊರಿಂದ ಯಾರೇ ಬಂದರೂ ಬಾತ್‌ಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ರೋಮನ್ ಬಾತ್ಸ್ ಬಿಡಬೇಡಿ. ಆ ಊರು ಅಲ್ಲಿ ಇರುವುದೇ ಆ ನೀರಿನಿಂದ. ಭೂಮಿಯಿಂದ ದಿನಕ್ಕೆ 11 ಲಕ್ಷ ಲೀಟರ್‌ಗೂ ಜಾಸ್ತಿ ಬಿಸಿನೀರು ತಾನಾಗಿ ಉಕ್ಕುತ್ತದೆ. ಬಿಸಿ ಸುಮಾರು 46 ಡಿಗ್ರಿ. ರೋಮನ್ನರು ಬರುವ ಮೊದಲೇ ಅಲ್ಲಿನ ಜನ ಅದನ್ನು ಸುಲಿಸ್ ಎಂಬ ದೇವಿಯ ಜಾಗ ಅಂತ ನಂಬಿದ್ದರು. ರೋಮನ್ನರು ಆ ದೇವಿಯನ್ನು ಓಡಿಸಲಿಲ್ಲ. ತಮ್ಮ ದೇವಿ ಮಿನರ್ವಾ ಜೊತೆ ಸೇರಿಸಿ ಸುಲಿಸ್ ಮಿನರ್ವಾ ಅಂತ ಕರೆದು, ಗುಡಿ ಕಟ್ಟಿ, ಪಕ್ಕದಲ್ಲಿ ಸ್ನಾನದ ಕಟ್ಟಡ ಕಟ್ಟಿದರು. ಊರಿಗೆ ಅಕ್ವೆ ಸುಲಿಸ್ ಅಂತ ಹೆಸರಾಯಿತು.

ಒಳಗೆ ಹೋದ ತಕ್ಷಣ ಮೇಲಿನ ಜಗಲಿಯಿಂದ ಹಸಿರು ನೀರಿನ ದೊಡ್ಡ ಕೊಳ ಕಾಣುತ್ತದೆ. ಸುತ್ತ ರೋಮನ್ ಚಕ್ರವರ್ತಿಗಳ ಪ್ರತಿಮೆಗಳು. ಮಾವನವರಿಗೆ ಮೊದಲೇ ಹೇಳಿಬಿಡಿ: ಆ ಪ್ರತಿಮೆಗಳು, ಆ ಜಗಲಿ ರೋಮನ್ ಕಾಲದ್ದಲ್ಲ. 19ನೇ ಶತಮಾನದ ಕೊನೆಯಲ್ಲಿ ಕೂರಿಸಿದ್ದು. ಕೆಳಗಿಳಿದು ಕೊಳದ ಅಂಚಿಗೆ ಹೋದರೆ ಅಲ್ಲಿಂದ ನಿಜವಾದ ರೋಮನ್ ಕೆಲಸ. ಕೊಳದ ತಳಕ್ಕೆ ಹೊದಿಸಿರುವ 45 ಸೀಸದ ಹಾಳೆಗಳು ಈಗಲೂ ನೀರು ಹಿಡಿದುಕೊಂಡಿವೆ. ಒಂದು ಕಾಲಕ್ಕೆ ಮೇಲೆ ಕಮಾನಿನ ಚಾವಣಿ ಇತ್ತು. ಅದು ಹೋಗಿ ಬಿಸಿಲು ಬೀಳುತ್ತಿರುವುದರಿಂದ ಪಾಚಿ ಬೆಳೆದು ನೀರು ಹಸಿರಾಗಿದೆ.

ಜನ ಸಾಮಾನ್ಯವಾಗಿ ದಾಟಿಕೊಂಡು ಹೋಗುವ ಒಂದು ಜಾಗ ಇದೆ. ಚಿಲುಮೆಯಿಂದ ಹೆಚ್ಚಾದ ನೀರು ಒಂದು ಕಮಾನಿನ ಕೆಳಗೆ ಧುಮುಕುತ್ತದೆ. ಕಲ್ಲೆಲ್ಲ ಕಬ್ಬಿಣದ ಅಂಶದಿಂದ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಮುಖಕ್ಕೆ ಬಿಸಿ ಹಬೆ ತಾಗುತ್ತದೆ. ಅಲ್ಲಿಂದ ಆ ನೀರು ರೋಮನ್ನರು ಕಟ್ಟಿದ ಚರಂಡಿಯಲ್ಲೇ ಏವನ್ ನದಿಗೆ ಹೋಗುತ್ತದೆ. ಸುಮಾರು ಎರಡು ಸಾವಿರ ವರ್ಷದ ಚರಂಡಿ, ಇವತ್ತಿಗೂ ಕೆಲಸ ಮಾಡುತ್ತಿದೆ. ಮಗನನ್ನು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ.

ವಾರದ ದಿನ ಹೋಗಿ. ಶನಿವಾರ, ಭಾನುವಾರ ದರ ಜಾಸ್ತಿ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಕಿವಿಗೆ ಹಿಡಿದು ಕೇಳುವ ಆಡಿಯೊ ಗೈಡ್ ಟಿಕೆಟ್‌ನಲ್ಲೇ ಸೇರಿದೆ, ಮಕ್ಕಳಿಗೆ ಬೇರೆ ಇದೆ. ಅತ್ತೆಯವರಿಗೆ ಲಿಫ್ಟ್ ಇದೆ. ಎರಡು ಗಂಟೆ ಇಟ್ಟುಕೊಳ್ಳಿ.

ರೆಡಿಂಗ್_ರಾಯರು

ನನ್ನ ಅಭಿಪ್ರಾಯ ಬೇರೆ. ಬಾತ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ನೋಡುವಂಥದ್ದು ಬೀದಿಯಲ್ಲೇ ಇದೆ, ಒಂದು ಪೌಂಡ್ ಕೊಡಬೇಕಾಗಿಲ್ಲ. ಪುಲ್ಟ್ನಿ ಸೇತುವೆ, ದುಂಡಗೆ ನಿಂತ ಮನೆಗಳ ಸರ್ಕಸ್, ಬಿಲ್ಲಿನಂತೆ ಬಾಗಿದ ಮನೆಸಾಲು ರಾಯಲ್ ಕ್ರೆಸೆಂಟ್, ಅಬ್ಬೆ ಎಂಬ ಹಳೆಯ ಚರ್ಚಿನ ಮುಂಭಾಗ, ಎಲ್ಲಾ ಉಚಿತ. ರಜೆಯ ದಿನ ರೋಮನ್ ಬಾತ್ಸ್ ಒಳಗೆ ಸಾಲಿನಲ್ಲಿ ತಳ್ಳಿಸಿಕೊಂಡು ಹೋಗುವಾಗ ಏನೂ ತಲೆಗೆ ಹತ್ತುವುದಿಲ್ಲ. ವಯಸ್ಸಾದವರಿಗೆ ಅಂಥ ಗದ್ದಲದಲ್ಲಿ ಸುಸ್ತಾಗುತ್ತದೆ.

ಸೇತುವೆಯನ್ನೇ ನೋಡಿ. ರಾಬರ್ಟ್ ಆ್ಯಡಮ್ ವಿನ್ಯಾಸ ಮಾಡಿದ್ದು, 1774ರಲ್ಲಿ ಮುಗಿಯಿತು. ಎರಡೂ ಬದಿಗೆ ಅಂಗಡಿ ಸಾಲು ಇರುವುದರಿಂದ ಮೇಲೆ ನಡೆಯುವಾಗ ಸೇತುವೆ ಮೇಲಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ. ಗ್ರ್ಯಾಂಡ್ ಪರೇಡ್ ಕಟ್ಟೆಯ ಮೇಲೆ ಕೈಯಿಟ್ಟು ನಿಂತರೆ ಮೂರು ಕಮಾನು, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರು. ಅದನ್ನು ನೋಡಲು ಯಾವ ಟಿಕೆಟ್ಟೂ ಬೇಡ.

ಶಾಸನಪ್ರಿಯ

ರಾಯರೇ, ಇತಿಹಾಸದ ಮೇಷ್ಟ್ರನ್ನು ಕರೆದುಕೊಂಡು ಹೋಗಿ ರೋಮನ್ ಬಾತ್ಸ್ ಹೊರಗೆ ನಿಲ್ಲಿಸುವುದು ನ್ಯಾಯವಲ್ಲ. ಅಲ್ಲಿರುವ ಶಾಪದ ತಗಡುಗಳಿಗಾದರೂ ಒಳಗೆ ಹೋಗಲೇಬೇಕು.

ವಿಷಯ ಏನೆಂದರೆ, ಬಿಸಿನೀರಿನ ಚಿಲುಮೆಯೊಳಗೆ ಜನ ಕಾಣಿಕೆ ಹಾಕುತ್ತಿದ್ದರು. 12,000ಕ್ಕೂ ಜಾಸ್ತಿ ರೋಮನ್ ನಾಣ್ಯ ಸಿಕ್ಕಿವೆ. ಅದರ ಜೊತೆಗೆ ಸುಮಾರು 130 ತಗಡುಗಳು. ಸೀಸ, ತವರದ ತೆಳು ತುಂಡುಗಳು. ಮೇಲೆ ಲ್ಯಾಟಿನ್‌ನಲ್ಲಿ ಮೊಳೆಯಂಥ ಕಡ್ಡಿಯಿಂದ ಗೀಚಿ, ಮಡಚಿ, ನೀರಿಗೆ ಹಾಕಿದ್ದಾರೆ. ಹೆಚ್ಚಿನವು ಕಳ್ಳತನದ ದೂರುಗಳು. ಡೊಸಿಲಿಯಾನಸ್ ಎಂಬವನ ಟೋಪಿ ಇರುವ ಮೇಲಂಗಿ ಕಳುವಾಗಿದೆ. ಕದ್ದವನು ಗಂಡಾಗಲಿ ಹೆಣ್ಣಾಗಲಿ, ಆಳಾಗಲಿ ಸ್ವತಂತ್ರನಾಗಲಿ, ಅಂಗಿಯನ್ನು ಗುಡಿಗೆ ತಂದು ಒಪ್ಪಿಸುವ ತನಕ ಅವನಿಗೆ ನಿದ್ದೆಯೂ ಬೇಡ, ಮಕ್ಕಳೂ ಬೇಡ ಅಂತ ದೇವಿಗೆ ಮೊರೆ ಇಟ್ಟಿದ್ದಾನೆ. ಇನ್ನೊಬ್ಬ ಆನಿಯಾನಸ್. ಅವನ ಚೀಲದಿಂದ ಆರು ಬೆಳ್ಳಿ ನಾಣ್ಯ ಹೋಗಿವೆ. ಅವನ ತಗಡಿನಲ್ಲಿ ಕಳ್ಳ 'ಕ್ರಿಶ್ಚಿಯನ್ ಆಗಿರಲಿ, ಆಗದಿರಲಿ' ಎಂಬ ಮಾತು ಬರುತ್ತದೆ. ಬ್ರಿಟನ್‌ನಲ್ಲಿ ಕ್ರೈಸ್ತರು ಇನ್ನೂ ಹೊಸಬರಾಗಿದ್ದ ಕಾಲದ ಮಾತು ಅದು.

ನಮ್ಮ ಕಲ್ಬರಹಗಳ ಕೊನೆ ಓದಿದವರಿಗೆ ಇದು ತಕ್ಷಣ ಮನಸ್ಸಿಗೆ ಹತ್ತುತ್ತದೆ. ಈ ದತ್ತಿಯನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನು ಅಂತ ಬರೆಸುತ್ತಿದ್ದರಲ್ಲ, ಆ ಜಾತಿಯದೇ ನಂಬಿಕೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ಶಾಸನದ ಶಾಪ ಊರಿಗೆಲ್ಲ ಕಾಣುವಂತೆ ನಿಲ್ಲಿಸಿದ್ದು, ದೊಡ್ಡವರು ಬರೆಸಿದ್ದು. ಬಾತ್‌ನ ತಗಡು ಸಾಮಾನ್ಯ ಮನುಷ್ಯ ಯಾರಿಗೂ ಕಾಣದಂತೆ ಮಡಚಿ ದೇವರಿಗೆ ಮಾತ್ರ ಕೊಟ್ಟ ಅರ್ಜಿ. ಕೈಗವಸು, ಹೊದಿಕೆ, ಸ್ನಾನಕ್ಕೆ ಹೋದಾಗ ಬಿಚ್ಚಿಟ್ಟ ಬಟ್ಟೆ ಕಳೆದುಕೊಂಡವರ ದನಿ ಎರಡು ಸಾವಿರ ವರ್ಷದ ಹತ್ತಿರ ಉಳಿದು ಬಂದಿರುವುದು ಅಪರೂಪ. 2014ರಲ್ಲಿ ಇವು ಯುನೆಸ್ಕೊದ 'ಜಗತ್ತಿನ ನೆನಪು' ಯೋಜನೆಯ ಬ್ರಿಟನ್ ಪಟ್ಟಿಗೆ ಸೇರಿದವು.

ಸುಲಿಸ್ ಮಿನರ್ವಾ ದೇವಿಯ ಚಿನ್ನದ ಲೇಪದ ಕಂಚಿನ ತಲೆಯನ್ನೂ ನೋಡಲು ಹೇಳಿ. 1727ರಲ್ಲಿ ಸ್ಟಾಲ್ ಸ್ಟ್ರೀಟಿನಲ್ಲಿ ಚರಂಡಿ ತೋಡುವ ಕೂಲಿಯವರಿಗೆ ಸಿಕ್ಕಿದ್ದು. ತಲೆ ಮಾತ್ರ, ಮೈ ಸಿಗಲೇ ಇಲ್ಲ.

ಸ್ವಿಂಡನ್_ಸೊಸೆ

ಶಾಸನಪ್ರಿಯ ಅವರೇ, ನಿಮ್ಮ ಬರಹವನ್ನು ಮಾವನಿಗೆ ಜೋರಾಗಿ ಓದಿ ಹೇಳಿದೆ. ಟಿಕೆಟ್ ತೆಗೆಯುವುದು ಖಾಯಂ. ಡೊಸಿಲಿಯಾನಸ್ ತಗಡನ್ನು ಎದುರು ನಿಂತು ನೋಡಬೇಕಂತೆ.

ಸ್ನಾನದ ವಿಷಯ ಯಾರೂ ಹೇಳಲಿಲ್ಲ. ಅತ್ತೆ ಆ ಬಿಸಿನೀರಿನಲ್ಲಿ ಕಾಲಾದರೂ ಇಳಿಬಿಡಬೇಕು ಅಂತ ಕಾಯುತ್ತಿದ್ದಾರೆ.

ನರ್ಸಮ್ಮ

ರೋಮನ್ ಬಾತ್ಸ್ ನೀರು ಮುಟ್ಟುವಂತಿಲ್ಲ. ಫಲಕ ಹಾಕಿದ್ದಾರೆ, ದಯವಿಟ್ಟು ಮಗನಿಗೂ ಗಟ್ಟಿಯಾಗಿ ಹೇಳಿ. ಮೊದಲು ಅಲ್ಲಿ ಈಜಲು ಬಿಡುತ್ತಿದ್ದರು. 1978ರಲ್ಲಿ ಊರಿನ ಬಿಸಿನೀರಿನಲ್ಲಿ ಈಜಿದ ಒಬ್ಬ ಹುಡುಗಿ ಮಿದುಳಿಗೆ ಸೋಂಕು ತಗುಲಿ ತೀರಿಕೊಂಡಳು. ಬೆಚ್ಚಗಿನ ನೀರಿನಲ್ಲಿ ಬದುಕುವ ಒಂದು ಬಗೆಯ ಅಮೀಬಾ ಮೂಗಿನಿಂದ ಒಳಹೊಕ್ಕು ಮಿದುಳಿಗೆ ಹೋಗುತ್ತದೆ. ಆಮೇಲೆ ಸ್ನಾನ ನಿಲ್ಲಿಸಿದರು. ಮುಂದೆ ಹೊಸ ಬಾವಿ ಕೊರೆದು ಶುದ್ಧ ನೀರನ್ನು ಮೇಲಕ್ಕೆ ತಂದರು. ಹೊಸ ಸ್ನಾನದ ಕಟ್ಟಡ ಥರ್ಮೆ ಬಾತ್ ಸ್ಪಾ 2006ರಲ್ಲಿ ತೆರೆಯಿತು.

ಅಲ್ಲಿ ಅದೇ ಬಿಸಿನೀರು, ಆದರೆ ಸಂಸ್ಕರಿಸಿದ್ದು. ಚಾವಣಿಯ ಮೇಲೆ ಕೊಳ ಇದೆ. ಬೆಚ್ಚಗಿನ ನೀರಿನಲ್ಲಿ ನಿಂತು ಅಬ್ಬೆಯ ಗೋಪುರ ನೋಡಬಹುದು. ಆದರೆ 16 ವರ್ಷಕ್ಕಿಂತ ಚಿಕ್ಕವರನ್ನು ಬಿಡುವುದಿಲ್ಲ, ಹಾಗಾಗಿ ಮಗನ ಜೊತೆ ಯಾರಾದರೂ ಹೊರಗಿರಬೇಕು. ಈಜುಡುಗೆ ಬೇಕೇ ಬೇಕು, ಸೀರೆ, ಚೂಡಿದಾರದಲ್ಲಿ ಇಳಿಯುವಂತಿಲ್ಲ. ಮೈ ಮುಚ್ಚುವ ಉದ್ದ ಈಜುಡುಗೆ ಹಾಕಿಕೊಳ್ಳಬಹುದಾ ಅಂತ ಫೋನ್ ಮಾಡಿ ಮೊದಲೇ ಕೇಳಿಕೊಳ್ಳಿ. ಅತ್ತೆಯವರಿಗೆ ಮುಜುಗರವಾದರೆ ಬಲವಂತ ಮಾಡಬೇಡಿ.

ಕುಡಿಯಲು ಮಾತ್ರ ಸಿಗುತ್ತದೆ. ರೋಮನ್ ಬಾತ್ಸ್ ಸುತ್ತು ಮುಗಿಯುವಲ್ಲಿ, ಪಂಪ್ ರೂಮ್‌ನಲ್ಲಿ ಸಂಸ್ಕರಿಸಿದ ಬಿಸಿನೀರು ಲೋಟದಲ್ಲಿ ಕೊಡುತ್ತಾರೆ. ಉಗುರುಬೆಚ್ಚಗೆ ಇರುತ್ತದೆ, ಕಬ್ಬಿಣ ನೆಕ್ಕಿದ ಹಾಗೆ ರುಚಿ. ಒಳಗೆ 43 ಬಗೆಯ ಖನಿಜ ಇದೆ ಅಂತ ಹೇಳುತ್ತಾರೆ. ಮಂಡಿ ನೋವಿಗೆ ಔಷಧಿ ಅಂತ ಮಾತ್ರ ನಂಬಿಸಬೇಡಿ. ಬೆಚ್ಚಗಿನ ನೀರಿನಲ್ಲಿ ಮೈ ಹಗುರಾಗಿ ನೋವು ಆ ಹೊತ್ತಿಗೆ ಇಳಿಯುತ್ತದೆ, ಕುಡಿದರೆ ಕೀಲು ಸರಿಹೋಗುವುದಿಲ್ಲ.

ಪುತ್ತೂರು_ಹುಡುಗಿ

ನಮ್ಮ ಇರ್ದೆಯಲ್ಲಿ ಬೆಂದ್ರು ತೀರ್ಥ ಇದೆಯಲ್ಲ, ಅದನ್ನು ನೋಡಿ ಬೆಳೆದವಳು. ಅದಕ್ಕೇ ಒಂದು ಪ್ರಶ್ನೆ. ಇಂಗ್ಲೆಂಡಿನಲ್ಲಿ ಜ್ವಾಲಾಮುಖಿ ಇಲ್ಲ. ಹಾಗಿದ್ದರೆ ನೀರು ಬಿಸಿ ಆಗುವುದು ಹೇಗೆ?

ಏವನ್_ದಡ

ಒಳ್ಳೆ ಪ್ರಶ್ನೆ. ಜ್ವಾಲಾಮುಖಿ ಬೇಕಾಗಿಲ್ಲ. ಭೂಮಿಯಲ್ಲಿ ಆಳಕ್ಕೆ ಹೋದಷ್ಟೂ ಬಿಸಿ ಜಾಸ್ತಿ. ಬಾತ್‌ನ ದಕ್ಷಿಣಕ್ಕೆ ಮೆಂಡಿಪ್ ಬೆಟ್ಟಗಳಿವೆ, ಸುಣ್ಣಕಲ್ಲಿನ ಬೆಟ್ಟಗಳು. ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಬಿದ್ದ ಮಳೆ ಕಲ್ಲಿನ ಬಿರುಕುಗಳಲ್ಲಿ ಇಳಿದು ಎರಡು ಕಿಲೋಮೀಟರ್‌ಗೂ ಜಾಸ್ತಿ ಆಳಕ್ಕೆ ಹೋಯಿತು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಅಲ್ಲಿ ಕಾದು, ಒತ್ತಡದಿಂದ ಬಾತ್ ಕೆಳಗಿನ ಬಿರುಕುಗಳ ದಾರಿ ಹಿಡಿದು ಮೇಲೆ ಬರುತ್ತದೆ. ಇವತ್ತು ಅಲ್ಲಿ ಉಕ್ಕುವ ನೀರು ರೋಮ್ ಹುಟ್ಟುವ ಮೊದಲು ಬಿದ್ದ ಮಳೆಯೇ ಇರಬಹುದು.

ಇನ್ನೊಂದು ವಿಷಯ. ಈಗ ಅಬ್ಬೆಯ ನೆಲವನ್ನು ಬೆಚ್ಚಗಿಡಲೂ ಇದೇ ನೀರಿನ ಶಾಖ ಬಳಸುತ್ತಾರೆ. ರೋಮನ್ ಚರಂಡಿಯಲ್ಲಿ ಸುಮ್ನೆ ನದಿಗೆ ಹೋಗುತ್ತಿದ್ದ ಬಿಸಿಯನ್ನು ಹಿಡಿದು ನೆಲದಡಿಗೆ ಕೊಟ್ಟಿದ್ದಾರೆ. ಚಳಿಗಾಲದಲ್ಲಿ ಒಳಗೆ ಹೋದರೆ ಪಾದಕ್ಕೆ ಗೊತ್ತಾಗುತ್ತದೆ.

ಅಬ್ಬೆಯ ಪಶ್ಚಿಮದ ಮುಖವನ್ನು ಹೊರಗೆ ನಿಂತು ಗಮನಿಸಿ. ಬಾಗಿಲಿನ ಎರಡೂ ಕಡೆ ಕಲ್ಲಿನ ಏಣಿ, ಅದರ ಮೇಲೆ ಹತ್ತುತ್ತಿರುವ ದೇವದೂತರು. 1499ರಲ್ಲಿ ಬಿಷಪ್ ಆಲಿವರ್ ಕಿಂಗ್ ಕನಸಿನಲ್ಲಿ ಕಂಡದ್ದು ಅಂತ ಕಥೆ. ಕೆಲವರು ತಲೆಕೆಳಗಾಗಿ ಇಳಿಯುತ್ತಿದ್ದಾರೆ, ಮಗನಿಗೆ ಹುಡುಕಲು ಹೇಳಿ. ಇದಕ್ಕೂ ಹಿಂದೆ ಅದೇ ಜಾಗದಲ್ಲಿದ್ದ ಚರ್ಚಿನಲ್ಲಿ 973ರಲ್ಲಿ ಎಡ್ಗರ್ ದೊರೆಗೆ ಪಟ್ಟ ಕಟ್ಟಿದರು. ಗೋಪುರಕ್ಕೆ 212 ಮೆಟ್ಟಿಲು, ಅತ್ತೆಯವರು ಕೆಳಗೇ ಕೂರಲಿ.

ಗಾರೆ_ಮತ್ತು_ಕಲ್ಲು

ಆರ್ಕಿಟೆಕ್ಟ್. ಓದುವಾಗ ಬಾತ್‌ನಲ್ಲೇ ಇದ್ದೆ. ನೀರಿನ ಬಗ್ಗೆ ಎಲ್ಲ ಹೇಳಿದ್ದೀರಿ, ನಾನು ಕಲ್ಲಿನ ಬಗ್ಗೆ ಹೇಳುತ್ತೇನೆ.

ಊರು ಪೂರ್ತಿ ಒಂದೇ ಬಣ್ಣ ಇದೆಯಲ್ಲ, ಅದು ಬಾತ್ ಕಲ್ಲು. ಜೇನಿನ ಬಣ್ಣದ ಸುಣ್ಣಕಲ್ಲು. ಹತ್ತಿರ ಹೋಗಿ ನೋಡಿದರೆ ಮೀನಿನ ಮೊಟ್ಟೆಯಂಥ ಸಣ್ಣ ಸಣ್ಣ ಗುಂಡುಗಳು ಒತ್ತಾಗಿ ಕೂತಿವೆ. ಗಣಿಯಿಂದ ತೆಗೆದಾಗ ಮೆದು, ಯಾವ ದಿಕ್ಕಿನಲ್ಲಿ ಬೇಕಾದರೂ ಕೊಯ್ಯಬಹುದು. ಗಾಳಿಗೆ ಬಿಟ್ಟರೆ ಗಟ್ಟಿ ಆಗುತ್ತದೆ. ಊರ ಮೇಲಿನ ಕೂಂಬ್ ಡೌನ್ ಗಣಿಗಳನ್ನು ರಾಲ್ಫ್ ಆ್ಯಲನ್ ಕೊಂಡ. ಅಂಚೆ ವ್ಯವಸ್ಥೆ ಸುಧಾರಿಸಿ ದುಡ್ಡು ಮಾಡಿದವನು ಅವನು. ತನ್ನ ಕಲ್ಲು ಎಂಥದ್ದು ಅಂತ ಗಿರಾಕಿಗಳಿಗೆ ತೋರಿಸಲು ಬೆಟ್ಟದ ಮೇಲೆ ಪ್ರಯರ್ ಪಾರ್ಕ್ ಎಂಬ ಬಂಗಲೆಯನ್ನೇ ಕಟ್ಟಿಸಿದ.

ಆ ಕಲ್ಲಿನಿಂದ ಊರಿಗೆ ಹೊಸ ರೂಪ ಕೊಟ್ಟವರು ಅಪ್ಪ, ಮಗ. ಇಬ್ಬರ ಹೆಸರೂ ಜಾನ್ ವುಡ್. ಅಪ್ಪ ಸರ್ಕಸ್ ಕೆಲಸ ಶುರು ಮಾಡಿದ 1754ರಲ್ಲೇ ತೀರಿಕೊಂಡ, ಮಗ ಮುಗಿಸಿದ. 33 ಮನೆ, ಮೂರು ಬಿಲ್ಲುಗಳಾಗಿ ದುಂಡಗೆ ನಿಂತಿವೆ. ಮೂರು ಬೀದಿಗಳಲ್ಲಿ ಯಾವುದರಿಂದ ಒಳಗೆ ಬಂದರೂ ಎದುರಿಗೆ ಬಾಗಿದ ಗೋಡೆಯೇ ಕಾಣುತ್ತದೆ. ಕೆಳಗಿನ ಅಂತಸ್ತಿಗೆ ಡೋರಿಕ್ ಕಂಬ, ನಡುವೆ ಅಯಾನಿಕ್, ಮೇಲೆ ಕೊರಿಂಥಿಯನ್, ಮೂರೂ ಹಳೆಯ ಗ್ರೀಕ್ ಮಾದರಿಯ ಕಂಬಗಳು. ಕೆಳಗಿನ ಕಂಬಗಳ ಮೇಲಿನ ಪಟ್ಟಿಯಲ್ಲಿ ಹಾವು, ಹಡಗಿನ ಸಾಮಾನು, ವಾದ್ಯ, ಅಳತೆಯ ಸಲಕರಣೆ ಅಂತ ನೂರಾರು ಬಗೆಯ ಕೆತ್ತನೆ. ಮಾವನವರು ಅಲ್ಲೇ ಒಂದು ಗಂಟೆ ಕಳೆಯಬಹುದು. ಸೂರಿನ ಅಂಚಿನಲ್ಲಿ ಕಲ್ಲಿನ ಓಕ್ ಕಾಯಿಗಳಿವೆ. ಬ್ಲಾಡಡ್ ಎಂಬ ರಾಜಕುಮಾರ ಕುಷ್ಠ ಬಂದು ಹಂದಿ ಕಾಯುತ್ತಿದ್ದನಂತೆ, ಹಂದಿಗಳು ಬಿಸಿ ಕೆಸರಿನಲ್ಲಿ ಹೊರಳಿ ವಾಸಿಯಾದದ್ದು ನೋಡಿ ತಾನೂ ಇಳಿದು ವಾಸಿಯಾದನಂತೆ. ಆ ಹಂದಿಗಳು ತಿಂದ ಕಾಯಿಯ ನೆನಪು ಅಂತ ಅಲ್ಲಿನವರು ಹೇಳುತ್ತಾರೆ. ಮಧ್ಯದಲ್ಲಿ ನಿಂತು ಮಗನಿಗೆ ಚಪ್ಪಾಳೆ ತಟ್ಟಲು ಹೇಳಿ, ಗೋಡೆಗಳು ಸದ್ದನ್ನು ವಾಪಸ್ ಕೊಡುತ್ತವೆ.

ರಾಯಲ್ ಕ್ರೆಸೆಂಟ್ ಮಗನ ಕೆಲಸ. 1767ರಲ್ಲಿ ಶುರು, 30 ಮನೆ, 114 ಕಂಬ. ಎಲ್ಲರೂ ಮುಂದೆ ಹುಲ್ಲಿನ ಮೇಲೆ ನಿಂತು ಫೋಟೊ ತೆಗೆದು ಹೊರಟುಬಿಡುತ್ತಾರೆ. ದಯವಿಟ್ಟು ಹಿಂದಿನ ಬೀದಿಗೆ ಹೋಗಿ. ವುಡ್ ವಿನ್ಯಾಸ ಮಾಡಿದ್ದು ಮುಂದಿನ ಗೋಡೆ ಮಾತ್ರ. ಕೊಂಡವರು ತಮಗೆ ಬೇಕಾದಷ್ಟು ಅಗಲದ ಮುಖ ಕೊಂಡು, ಹಿಂದೆ ತಮ್ಮ ಮೇಸ್ತ್ರಿಗಳಿಂದ ತಮ್ಮ ಇಷ್ಟದ ಹಾಗೆ ಮನೆ ಕಟ್ಟಿಸಿದರು. ಮುಂದೆ ಒಂದೇ ಅರಮನೆ, ಹಿಂದೆ ಒಂದೊಂದು ಸೂರು ಒಂದೊಂದು ಎತ್ತರ, ಕಿಟಕಿಗಳು ಸಾಲು ತಪ್ಪಿವೆ, ಕೊಳವೆಗಳು ಅಡ್ಡಾದಿಡ್ಡಿ. ಪುಲ್ಟ್ನಿ ಸೇತುವೆಯ ಉತ್ತರದ ಬೆನ್ನೂ ಹೀಗೆಯೇ, ಅಂಗಡಿಯವರು ಸೇರಿಸಿದ ಕೋಣೆಗಳು ಅಂಟಿಕೊಂಡಿವೆ. ಬಾತ್ ಅರ್ಥವಾಗಬೇಕಾದರೆ ಮುಂದೆಯೂ ನೋಡಬೇಕು, ಹಿಂದೆಯೂ ನೋಡಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಬಾಗಿಲುಗಳ ಪಕ್ಕವೂ ಸ್ವಲ್ಪ ನಿಲ್ಲಿ. ಕಬ್ಬಿಣದ ಸರಳಿಗೆ ಶಂಕುವಿನಾಕಾರದ ಕೊಳವೆ ತೂಗುಹಾಕಿರುತ್ತಾರೆ. ಪಂಜು ಹಿಡಿದು ದಾರಿ ತೋರಿಸುತ್ತಿದ್ದ ಹುಡುಗರು ಮನೆ ತಲುಪಿದ ಮೇಲೆ ಪಂಜನ್ನು ಅದರೊಳಗೆ ತೂರಿಸಿ ಆರಿಸುತ್ತಿದ್ದರು. ನೆಲದ ಹತ್ತಿರ ಬೂಟಿನ ಕೆಸರು ಕೆರೆಯುವ ಪಟ್ಟಿ. ಕೆಲವು ಕಡೆ ಪಂಜು ಆರಿಸುವ ಕೊಳವೆಯ ಒಳಗೆ ಈಗಲೂ ಮಸಿ ಕಾಣುತ್ತದೆ.

ರೆಡಿಂಗ್_ರಾಯರು

ಗಾರೆಯವರೇ, ನಾನು ಹೇಳಬೇಕಾಗಿದ್ದನ್ನು ನೀವು ಚೆನ್ನಾಗಿ ಹೇಳಿದಿರಿ. ಈ ಎಲ್ಲಾ ನೋಡಲು ಟಿಕೆಟ್ ಬೇಡ ಅಲ್ವಾ!

ಒಂದು ಸೇರಿಸುತ್ತೇನೆ. ಈಗ ಕಾಣುವ ಊರು ಉಳಿದದ್ದೇ ಅದೃಷ್ಟ. 1942ರ ಏಪ್ರಿಲ್ 25ರಿಂದ 27ರ ತನಕ ಜರ್ಮನ್ ವಿಮಾನಗಳು ಬಾಂಬ್ ಹಾಕಿದವು. ಲೂಬೆಕ್ ನಗರದ ಮೇಲೆ ಬ್ರಿಟನ್ ಮಾಡಿದ ದಾಳಿಗೆ ಸೇಡು. ಬಾತ್, ಎಕ್ಸೆಟರ್, ಯಾರ್ಕ್, ನಾರಿಚ್, ಕ್ಯಾಂಟರ್‌ಬರಿ, ಹೀಗೆ ಹಳೆಯ ಚೆಂದದ ಊರುಗಳನ್ನೇ ಆರಿಸಿಕೊಂಡರು. ಬಾತ್‌ನಲ್ಲಿ 400ಕ್ಕೂ ಜಾಸ್ತಿ ಜನ ಸತ್ತರು. ಕುಣಿತ, ಕೂಟಗಳಿಗೆ ಅಂತ ಕಟ್ಟಿದ್ದ 1771ರ ಅಸೆಂಬ್ಲಿ ರೂಮ್ಸ್ ಸುಟ್ಟು ಗೋಡೆಗಳಷ್ಟೇ ನಿಂತವು. ಅದರ ಹಳೆಯ ಗಾಜಿನ ತೂಗುದೀಪಗಳನ್ನು ಮೊದಲೇ ಬಿಚ್ಚಿ ಇಟ್ಟಿದ್ದರಿಂದ ಅವು ಉಳಿದವು. 1963ರಲ್ಲಿ ಮತ್ತೆ ತೆರೆದರು. ಈಗ ಒಳಗೆ ಬಿಡುತ್ತಾರಾ ಅಂತ ಹೋಗುವ ಮುಂಚೆ ನೋಡಿಕೊಳ್ಳಿ.

ಯುದ್ಧ ಮುಗಿದ ಮೇಲೆ ಊರಿನವರೇ ಮಾಡಿದ ನಷ್ಟವೂ ಸಣ್ಣದಲ್ಲ. 1960, 70ರ ದಶಕದಲ್ಲಿ ಕೆಲಸಗಾರರು, ಸಣ್ಣ ವ್ಯಾಪಾರಿಗಳು ಇದ್ದ ಜಾರ್ಜಿಯನ್ ಕಾಲದ, ಅಂದರೆ ಜಾರ್ಜ್ ಹೆಸರಿನ ದೊರೆಗಳ ಕಾಲದ, ಮನೆಗಳ ಸಾಲು ಸಾಲನ್ನೇ ಕೆಡವಿದರು. ದೊಡ್ಡವರ ಕ್ರೆಸೆಂಟ್, ಸರ್ಕಸ್ ಮುಟ್ಟಲಿಲ್ಲ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರುವ ಹೊತ್ತಿಗೆ ಬಡವರ ಬಾತ್ ಬಹಳಷ್ಟು ಹೋಗಿಬಿಟ್ಟಿತ್ತು. ಅದು ನನಗೆ ನೋವಿನ ವಿಷಯ.

ಕಡಲಾಚೆ

ಆ ಚೆಂದದ ಮನೆಗಳಿಗೆ ದುಡ್ಡು ಎಲ್ಲಿಂದ ಬಂತು ಅಂತಲೂ ಕೇಳಬೇಕು. ಸರ್ಕಸ್‌ನ 14ನೇ ಮನೆ ರಾಬರ್ಟ್ ಕ್ಲೈವ್ ಇದ್ದ ಮನೆ, ಫಲಕ ಇದೆ. ಪ್ಲಾಸಿಯ ಕ್ಲೈವ್. ಮೇಷ್ಟ್ರು ಎಷ್ಟೋ ವರ್ಷ ಪಾಠ ಮಾಡಿದ ಹೆಸರು ಬಾಗಿಲ ಪಕ್ಕ ಬರೆದಿರುತ್ತದೆ. ಅಬ್ಬೆಯ ಗೋಡೆ ತುಂಬಾ ಸ್ಮಾರಕ ಫಲಕಗಳಿವೆ. ನಿಧಾನವಾಗಿ ಓದಿದರೆ ಈಸ್ಟ್ ಇಂಡಿಯಾ ಕಂಪನಿಯವರು, ವೆಸ್ಟ್ ಇಂಡೀಸ್‌ನಲ್ಲಿ ಕಬ್ಬಿನ ತೋಟ ಇದ್ದವರು ಸಿಗುತ್ತಾರೆ. ಲ್ಯಾನ್ಸ್‌ಡೌನ್ ಗುಡ್ಡದ ಮೇಲಿನ ಬೆಕ್‌ಫರ್ಡ್ ಗೋಪುರ ಕಟ್ಟಿಸಿದ ವಿಲಿಯಂ ಬೆಕ್‌ಫರ್ಡ್‌ನ ಆಸ್ತಿ ಜಮೈಕಾದ ಗುಲಾಮರ ದುಡಿಮೆಯಿಂದ ಬಂದದ್ದು. ಅಬ್ಬೆಯವರೇ 2021ರಲ್ಲಿ ಈ ಸಂಬಂಧದ ಬಗ್ಗೆ ಪ್ರದರ್ಶನ ಇಟ್ಟರು. ಮುಚ್ಚಿಡದೆ ಹೇಳಿದ್ದು ಒಳ್ಳೆಯ ಕೆಲಸ.

ಇದೇ ಊರು ನೆಲೆ ಕಳೆದುಕೊಂಡ ಒಬ್ಬ ದೊರೆಗೆ ಜಾಗವನ್ನೂ ಕೊಟ್ಟಿತು. ಇಟಲಿ ಇಥಿಯೋಪಿಯಾವನ್ನು ಹಿಡಿದಾಗ ಚಕ್ರವರ್ತಿ ಹೈಲೆ ಸೆಲಾಸಿ 1936ರಲ್ಲಿ ಬಾತ್‌ಗೆ ಬಂದು ಫೇರ್‌ಫೀಲ್ಡ್ ಹೌಸ್‌ನಲ್ಲಿ ಇದ್ದರು. ಮರಳಿ ಸಿಂಹಾಸನ ಸಿಕ್ಕಿದ ಮೇಲೆ, 1958ರಲ್ಲಿ, ಆ ಮನೆಯನ್ನು ವಯಸ್ಸಾದವರ ಉಪಯೋಗಕ್ಕೆ ಅಂತ ಊರಿಗೇ ಕೊಟ್ಟರು.

ತಾರೆ_ನೋಡುವವ

ಹತ್ತು ವರ್ಷದ ಹುಡುಗ ಇದ್ದಾನೆ ಅಂದಿರಿ. ನ್ಯೂ ಕಿಂಗ್ ಸ್ಟ್ರೀಟಿನ 19ನೇ ನಂಬರ್ ಮನೆಗೆ ಕರೆದುಕೊಂಡು ಹೋಗಿ. ಹರ್ಷಲ್ ಮ್ಯೂಸಿಯಂ. 1781ರ ಮಾರ್ಚ್ 13ರ ರಾತ್ರಿ ವಿಲಿಯಂ ಹರ್ಷಲ್ ಆ ಮನೆಯ ಹಿತ್ತಲಿನಿಂದ ಯುರೇನಸ್ ಗ್ರಹ ಕಂಡುಹಿಡಿದರು. ಕೈಯಲ್ಲಿದ್ದದ್ದು ತಾವೇ ಮಾಡಿಕೊಂಡ ದೂರದರ್ಶಕ. ಮೊದಲು ಧೂಮಕೇತು ಅಂದುಕೊಂಡರು. ಗ್ರಹ ಅಂತ ಖಚಿತವಾದಾಗ ಸೌರವ್ಯೂಹದ ಅಳತೆಯೇ ಎರಡರಷ್ಟಾಯಿತು.

ಅವರು ವೃತ್ತಿಯಲ್ಲಿ ಸಂಗೀತಗಾರರು, ಬಾತ್‌ನ ಆಕ್ಟಗನ್ ಚಾಪೆಲ್‌ನಲ್ಲಿ ಆರ್ಗನ್ ನುಡಿಸುತ್ತಿದ್ದರು. ಹಗಲು ಪಾಠ, ಕಛೇರಿ, ರಾತ್ರಿ ಆಕಾಶ. ಕನ್ನಡಿ ಎರಕ ಹೊಯ್ಯುತ್ತಿದ್ದದ್ದು ಮನೆಯ ಕೆಳಗಿನ ಕೋಣೆಯಲ್ಲೇ. ಅಚ್ಚು ಮಾಡಲು ಕುದುರೆ ಲದ್ದಿ ಬೇಕು. ಅದನ್ನು ಕುಟ್ಟಿ ಜರಡಿ ಹಿಡಿದವರು ತಂಗಿ ಕ್ಯಾರೊಲಿನ್. ಒಂದು ಸಲ ಅಚ್ಚು ಸೋರಿ ಕಾದ ಲೋಹ ನೆಲಕ್ಕೆ ಹರಿಯಿತು, ಹಾಸುಗಲ್ಲುಗಳು ಸಿಡಿದವು. ಒಡೆದ ಆ ಕಲ್ಲುಗಳು ಇವತ್ತಿಗೂ ಆ ಕೋಣೆಯಲ್ಲಿವೆ. ನನ್ನ ಮಗಳು ಬೇರೆ ಏನನ್ನು ಮರೆತರೂ ಆ ಬಿರುಕು ಮರೆತಿಲ್ಲ.

ಅಣ್ಣ ಕನ್ನಡಿ ಉಜ್ಜುವಾಗ ಗಂಟೆಗಟ್ಟಲೆ ಕೈ ತೆಗೆಯುವಂತಿರಲಿಲ್ಲ. ಕ್ಯಾರೊಲಿನ್ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದರು. ಆಮೇಲೆ ಅವರೇ ಎಂಟು ಧೂಮಕೇತು ಕಂಡುಹಿಡಿದರು. 1787ರಿಂದ ಅರಮನೆಯಿಂದ ವರ್ಷಕ್ಕೆ 50 ಪೌಂಡ್ ಸಂಬಳ. ಅವರ ಹೆಸರನ್ನು ಅಣ್ಣನ ಹೆಸರಿನ ಜೊತೆಗೇ ಹೇಳಬೇಕು. ಮನೆ ಚಿಕ್ಕದು, ಮೆಟ್ಟಿಲು ಇಕ್ಕಟ್ಟು, ಯಾವ ಯಾವ ದಿನ ತೆರೆದಿರುತ್ತದೆ ಅಂತ ಮೊದಲೇ ನೋಡಿ.

ಓದುಗಿತ್ತಿ

ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಹೆಸರು ಇಷ್ಟು ಹೊತ್ತಾದರೂ ಯಾರೂ ಎತ್ತಲಿಲ್ಲ! 1801ರಿಂದ 1806ರ ತನಕ ಬಾತ್‌ನಲ್ಲಿ ಇದ್ದರು. ಸಿಡ್ನಿ ಪ್ಲೇಸ್‌ನ 4ನೇ ಮನೆಗೆ ಫಲಕ ಇದೆ. ಗೇ ಸ್ಟ್ರೀಟಿನಲ್ಲಿ ಅವರ ಹೆಸರಿನ ಕೇಂದ್ರ ಇದೆ, ಆದರೆ ಅದು ಅವರು ಇದ್ದ ಮನೆ ಅಲ್ಲ. ಅವರು ಅದೇ ಬೀದಿಯ 25ರಲ್ಲಿ ಕೆಲವು ಕಾಲ ಇದ್ದರು. ಊರು ಅವರನ್ನು ಎಷ್ಟು ಮೆರೆಸಿದರೂ ಅವರಿಗೆ ಆ ಊರು ಹಿಡಿಸಿರಲಿಲ್ಲ. ಬಿಟ್ಟು ಹೋಗಿ ಎರಡು ವರ್ಷದ ಮೇಲೆ ಬರೆದ ಪತ್ರದಲ್ಲೂ ತಪ್ಪಿಸಿಕೊಂಡು ಬಂದ ಖುಷಿ ಇದೆ. ಅಪ್ಪ ತೀರಿಕೊಂಡದ್ದು ಅಲ್ಲೇ, 1805ರ ಜನವರಿಯಲ್ಲಿ. ಆಮೇಲೆ ತಾಯಿ, ಹೆಣ್ಣುಮಕ್ಕಳಿಗೆ ಮನೆಯಿಂದ ಮನೆಗೆ, ಇನ್ನಷ್ಟು ಕಡಿಮೆ ಬಾಡಿಗೆಗೆ ಹೋಗಬೇಕಾಯಿತು. ವಾಲ್ಕಟ್‌ನ ಸೇಂಟ್ ಸ್ವಿದಿನ್ ಚರ್ಚಿನಲ್ಲಿ ಅಪ್ಪನ ಸಮಾಧಿ ಇದೆ. ಟೋಪಿ ಗೌನು ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವ ಜಾಗಕ್ಕಿಂತ ನನಗೆ ಅದು ಹತ್ತಿರ ಅನಿಸುತ್ತದೆ.

ಮಿಲ್ಸಮ್ ಸ್ಟ್ರೀಟಿನಲ್ಲಿ ಒಂದು ಅಂಗಡಿಯ ಮೇಲೆ ಗೋಡೆಗೆ ಬರೆದ ಹಳೆಯ ಗ್ರಂಥಾಲಯದ ಹೆಸರು ಮಾಸಲಾಗಿ ಉಳಿದಿದೆ. ತಲೆ ಎತ್ತಿ ನಡೆಯಿರಿ.

ಸ್ವಿಂಡನ್_ಸೊಸೆ

ಇಷ್ಟೆಲ್ಲ ಒಂದೇ ದಿನಕ್ಕೆ ಹಿಡಿಯುವುದಿಲ್ಲ ಅಂತ ಗೊತ್ತಾಯಿತು. ಅತ್ತೆಯವರ ಮಂಡಿಗೆ ಯಾವ ದಾರಿ ಸರಿ? ಮತ್ತೆ ಊಟ?

ಏವನ್_ದಡ

ಸ್ಟೇಷನ್, ಅಬ್ಬೆ, ರೋಮನ್ ಬಾತ್ಸ್, ಪುಲ್ಟ್ನಿ ಸೇತುವೆ, ಇಷ್ಟೂ ಹೆಚ್ಚುಕಮ್ಮಿ ಸಮತಟ್ಟು. ಏರು ಇರುವುದು ಅಲ್ಲಿಂದ ಸರ್ಕಸ್, ಕ್ರೆಸೆಂಟ್ ಕಡೆಗೆ. ಗೇ ಸ್ಟ್ರೀಟ್ ಹತ್ತುವುದು ಮಂಡಿ ನೋವಿನವರಿಗೆ ಬೇಡವೇ ಬೇಡ. ಬೆಳಿಗ್ಗೆ ಕೆಳಗಿನದನ್ನು ಮುಗಿಸಿ. ಮಧ್ಯಾಹ್ನ ಟ್ಯಾಕ್ಸಿ ಹಿಡಿದು ನೇರ ರಾಯಲ್ ಕ್ರೆಸೆಂಟ್‌ಗೆ ಹೋಗಿ. ಅಲ್ಲಿಂದ ಸರ್ಕಸ್‌ಗೆ ಸುಮಾರು ಸಮವಾದ ದಾರಿ. ಅಲ್ಲಿಂದ ಗೇ ಸ್ಟ್ರೀಟ್, ಮಿಲ್ಸಮ್ ಸ್ಟ್ರೀಟ್ ಇಳಿಯುತ್ತಾ ಮತ್ತೆ ಊರ ನಡುವಿಗೆ. ಇಳಿಜಾರೂ ಮಂಡಿಗೆ ತೊಂದರೆ ಕೊಟ್ಟರೆ ಸರ್ಕಸ್‌ನಿಂದ ಇನ್ನೊಂದು ಟ್ಯಾಕ್ಸಿ.

ಕಾರಿನಲ್ಲಿ ಹೋಗುವವರಿಗೂ ಒಂದು ಮಾತು. ಊರೊಳಗೆ ಪಾರ್ಕಿಂಗ್ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಲ್ಯಾನ್ಸ್‌ಡೌನ್, ನ್ಯೂಬ್ರಿಡ್ಜ್, ಆಡ್ ಡೌನ್‌ನಲ್ಲಿ ಕಾರು ಬಿಟ್ಟು ಬಸ್ಸಿನಲ್ಲಿ ಬನ್ನಿ.

ನರ್ಸಮ್ಮ

ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಹೋಗಿ. ಕ್ರೆಸೆಂಟ್ ಮುಂದೆ ಎರಡು ಹುಲ್ಲುಹಾಸು ಇವೆ. ಮನೆಗಳಿಗೆ ಅಂಟಿಕೊಂಡ ಮೇಲಿನದು ನಿವಾಸಿಗಳದ್ದು, ಅಲ್ಲಿ ಕೂರುವಂತಿಲ್ಲ. ನಡುವೆ ದೂರದಿಂದ ಕಾಣದಂಥ ತಗ್ಗಿನ ಗೋಡೆ ಇದೆ, ದನಕುರಿ ಮೇಲೆ ಬಾರದಿರಲಿ ಅಂತ ಕಟ್ಟಿದ್ದು. ಅದರ ಕೆಳಗಿನದು ರಾಯಲ್ ವಿಕ್ಟೋರಿಯಾ ಪಾರ್ಕ್, ಅದು ಎಲ್ಲರದ್ದು. ಅಲ್ಲಿ ಬುತ್ತಿ ಬಿಚ್ಚಿ. ಮಗನಿಗೆ ಅದೇ ಪಾರ್ಕಿನಲ್ಲಿ ದೊಡ್ಡ ಆಟದ ಜಾಗ ಇದೆ.

ಸ್ಯಾಲಿ ಲನ್ ಬನ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಮನೆ ನಿಜಕ್ಕೂ ಹಳೆಯದು, ನೋಡಲು ಚೆಂದ. ಆದರೆ ಅದು ಬೆಣ್ಣೆ, ಮೊಟ್ಟೆ ಹಾಕುವ ಬ್ರಿಯೋಶ್ ಜಾತಿಯ ಬನ್. ಅತ್ತೆಯವರಿಗೆ ಕೊಡಿಸುವ ಮೊದಲು ಕೇಳಿ. ಬಾತ್ ಬನ್ ಬೇರೆ, ಮೇಲೆ ಸಕ್ಕರೆ ಹರಳು ಇರುತ್ತದೆ. ಅದನ್ನೂ ಕೇಳಿಯೇ ತಗೊಳ್ಳಿ.

ಶಾಸನಪ್ರಿಯ

ಇನ್ನೊಂದು ದಿನ ಸಿಕ್ಕರೆ ಬಾತ್‌ನಿಂದ ರೈಲಿನಲ್ಲಿ ಕಾಲು ಗಂಟೆ, ಬ್ರಿಸ್ಟಲ್. ಆರ್ನೋಸ್ ವೇಲ್ ಸ್ಮಶಾನದಲ್ಲಿ ರಾಜಾ ರಾಮಮೋಹನ ರಾಯರ ಸಮಾಧಿ ಇದೆ. 1833ರ ಸೆಪ್ಟೆಂಬರ್‌ನಲ್ಲಿ ಬ್ರಿಸ್ಟಲ್‌ನಲ್ಲೇ ತೀರಿಕೊಂಡರು. ದ್ವಾರಕಾನಾಥ ಠಾಕೂರರು ಕಟ್ಟಿಸಿದ ನಮ್ಮ ಕಡೆಯ ಶೈಲಿಯ ಛತ್ರಿ ಮಂಟಪ ಇಂಗ್ಲಿಷ್ ಗೋರಿಗಳ ನಡುವೆ ನಿಂತಿದೆ. ಮಾವನವರು ಖಂಡಿತ ಹೋಗಬೇಕು ಅನ್ನುತ್ತಾರೆ.

ಗಾರೆ_ಮತ್ತು_ಕಲ್ಲು

ಸೊಸೆಯವರೇ, ಪ್ರಯರ್ ಪಾರ್ಕ್ ತೋಟವನ್ನು ಈ ಸಲ ಬಿಡಿ. ಕಣಿವೆಯ ತಳದ ಪಲ್ಲಾಡಿಯನ್ ಸೇತುವೆ ಬಹಳ ಚೆಂದ, ಆದರೆ ಇಳಿದು ಹತ್ತುವುದು ಕಡಿದು. ಅಲ್ಲಿ ಸಾಮಾನ್ಯರಿಗೆ ಕಾರು ನಿಲ್ಲಿಸುವ ಜಾಗವೂ ಇಲ್ಲ. ಹರ್ಷಲ್ ಮನೆಗೂ ರಾಯಲ್ ಕ್ರೆಸೆಂಟ್ ಹಿಂದಿನ ಬೀದಿಗೂ ಪೈಪೋಟಿ ಬಂದರೆ ಮಗನನ್ನು ಹರ್ಷಲ್ ಮನೆಗೇ ಕಳಿಸಿ. ಹಿಂದಿನ ಬೀದಿಗೆ ಮಾವನವರು ಒಬ್ಬರೇ ಹೋಗಿ ಬರಬಹುದು, ಕ್ರೆಸೆಂಟ್ ಕೊನೆಯಲ್ಲಿ ತಿರುಗಿದರೆ ಆಯಿತು.